ನನ್ನ ಗಂಡನನ್ನು ಬಿಡುಗಡೆ ಮಾಡದೆ ರಾಜೀನಾಮೆ ಕೊಟ್ಟ ಪ್ರಧಾನಿಯವರಿಗೆ

ಮಾನ್ಯ ಮಾಜಿ ಪ್ರಧಾನಿಯವರೇ,

ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪತ್ರದ ಮೊದಲ ಸಾಲಿನಲ್ಲಿ ವಂದನೆ ಹೇಳಬೇಕು, ಕುಶಲ ವಿಚಾರಿಸಬೇಕು ಎಂಬ ರೂಢಿ ನನಗೂ ಗೊತ್ತು. ಆದರೆ ನಿಮ್ಮ ಕುಶಲ ನನಗೆ ದಿನಾ ತಿಳಿಯುತ್ತದೆ. ಮೊಣಕಾಲಿನ ನೋವು ಈ ವಾರ ಕಡಿಮೆ, ನಿದ್ದೆ ಸುಮಾರು, ಹೊಸ ಮನೆಯ ಹಿಂದಿನ ಕೋಣೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಕಿಟಕಿಯ ಪರದೆ ಮಾತ್ರ ನಿಮಗೆ ಒಪ್ಪಿಗೆಯಾಗಿಲ್ಲ. ಇಷ್ಟು ವಿವರ ನನ್ನ ಒಡಹುಟ್ಟಿದ ಅಕ್ಕನ ಬಗ್ಗೆಯೂ ನನಗೆ ಸಿಗುವುದಿಲ್ಲ. ನಿಮ್ಮದು ಸಿಗಲು ಕಾರಣ, ಇಪ್ಪತ್ತಾರು ವರ್ಷಗಳಿಂದ ನಿಮ್ಮ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿರುವ ಮನುಷ್ಯ ನನ್ನ ಗಂಡ. ನಾಲ್ಕು ತಿಂಗಳ ಹಿಂದೆ ನೀವು ಅಧಿಕಾರ ಬಿಟ್ಟಿರಿ. ಅವರನ್ನು ಬಿಡಲಿಲ್ಲ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಅದರ ವಿವರ.

ನಿಮ್ಮ ರಾಜೀನಾಮೆಯನ್ನು ದೇಶ ಹೇಗೆ ತಲೆಯ ಮೇಲೆ ಹೊತ್ತು ಮೆರೆಸಿತು ಎಂಬುದನ್ನು ನಾನೂ ನೋಡಿದೆ. ಒಂದು ಪತ್ರಿಕೆ ಅದನ್ನು ತ್ಯಾಗ ಎಂದಿತು, ಇನ್ನೊಂದು ಘನತೆ ಎಂದಿತು, ಮೂರನೆಯದು ಎಂಟು ಪುಟಗಳ ಪುರವಣಿ ತಂದು, ನೀವು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದ ಚಿತ್ರವನ್ನು ಎಲ್ಲಿಂದಲೋ ಹುಡುಕಿ ಹಾಕಿತು. ಬಹುಮತವಿದೆ, ಆರೋಗ್ಯವಿದೆ, ವಿರೋಧಿಗಳೂ ಇನ್ನೊಂದಿಷ್ಟು ದಿನ ಇರಿ ಎನ್ನುತ್ತಿದ್ದಾರೆ, ಆದರೂ ಕುರ್ಚಿ ಬಿಟ್ಟು ಎದ್ದರು ಎಂದರೆ ಸಾಮಾನ್ಯವೇ? ಬೀಳ್ಕೊಡುಗೆಗೆ ಹುಲ್ಲುಹಾಸಿನ ಮೇಲೆ ಸಾವಿರ ಕುರ್ಚಿ ಹಾಕಿಸಿದ್ದರು. ಅದೇ ದಿನ ಅದೇ ಕಟ್ಟಡದಿಂದ ಇನ್ನೊಬ್ಬರೂ ನಿವೃತ್ತರಾದರು. ಅರವತ್ತಕ್ಕೆ ಬಿಡಬೇಕಾಗಿದ್ದ ಕೆಲಸವನ್ನು ನಿಮ್ಮ ಕೋರಿಕೆಯ ಮೇಲೆ ಎರಡು ಸಲ ವಿಸ್ತರಿಸಿಕೊಂಡು ಅರವತ್ತೆರಡಕ್ಕೆ ಬಿಟ್ಟವರು. ಅವರಿಗಾಗಿ ಕುರ್ಚಿ ಹಾಕಿಸುವ ಮಾತಿರಲಿ, ಅವರು ಕೂರುತ್ತಿದ್ದ ಕುರ್ಚಿಯನ್ನೇ ಹೊಸ ಪ್ರಧಾನಿಯ ಕಡೆಯವರು ಮಧ್ಯಾಹ್ನಕ್ಕೆ ಬೇರೆ ಕೋಣೆಗೆ ಸಾಗಿಸಿದ್ದರಂತೆ. ಪೆನ್ಸಿಲ್ ಹೆರೆಯುವ ಯಂತ್ರ, ಮರದ ಅಡಿಪಟ್ಟಿ, ಬೆನ್ನಿಗೆ ಇಟ್ಟುಕೊಳ್ಳುವ ದಿಂಬು, ಇಷ್ಟನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಸಿಬ್ಬಂದಿಯೊಡನೆ ನೀವು ತೆಗೆಸಿಕೊಂಡ ಕೊನೆಯ ಚಿತ್ರ ಆ ಪುರವಣಿಯಲ್ಲಿದೆ. ಭೂತಗನ್ನಡಿ ಹಿಡಿದು ನೋಡಿದೆ. ಎಡತುದಿಯಲ್ಲಿ ಒಂದು ಮೊಣಕೈ ಇದೆ. ಆ ಅಂಗಿಗೆ ಇಸ್ತ್ರಿ ಹಾಕಿದವಳು ನಾನೇ ಆದ್ದರಿಂದ ಅದು ಯಾರದೆಂದು ಗುರುತು ಸಿಕ್ಕಿತು.

ನಾನು ಯಾರೆಂದು ಹೇಳಿಬಿಡುತ್ತೇನೆ. ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಕನ್ನಡಕದ ಅಂಗಡಿ ಇದೆ. ಮೂವತ್ತು ವರ್ಷದಿಂದ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಕಣ್ಣಿಗೆ ತಕ್ಕ ಗಾಜು ಕೊಡುವುದು ನನ್ನ ಕೆಲಸ. ನಿಮ್ಮ ಹೆಸರು ಚರಿತ್ರೆಯಲ್ಲಿ ಯಾವುದರಿಂದ ಉಳಿಯುತ್ತದೆಯೋ ಆ ಆರು ಗಂಟೆ ಕಾಯ್ದೆಯಿಂದ ನನಗೂ ಲಾಭವಾಗಿದೆ, ಸುಳ್ಳು ಹೇಳುವುದಿಲ್ಲ. ಅಂಗಡಿ, ಕಚೇರಿ, ಕಾರ್ಖಾನೆ ಯಾವುದೇ ಇರಲಿ, ಸಂಜೆ ಆರರ ಮೇಲೆ ಯಾರನ್ನೂ ಕೆಲಸಕ್ಕೆ ಹಿಡಿದಿಡುವಂತಿಲ್ಲ, ಮನೆಗೆ ಫೋನ್ ಮಾಡಿ ಕರೆಯುವಂತಿಲ್ಲ. ಎಂಥ ಒಳ್ಳೆಯ ಕಾಯ್ದೆ! ಅದು ಬಂದ ಮೇಲೆ ನಮ್ಮ ಬೀದಿಯಲ್ಲಿ ಗಂಡಸರು ಬೆಳಕಿರುವಾಗಲೇ ಮನೆ ಸೇರಿ ಮಕ್ಕಳಿಗೆ ಸೈಕಲ್ ಕಲಿಸತೊಡಗಿದರು. ನಾನೂ ಆರಕ್ಕೆ ಬಾಗಿಲು ಎಳೆದು ಆರೂಕಾಲಿಗೆ ಮನೆಯಲ್ಲಿರುತ್ತಿದ್ದೆ. ಮೊದಲು ಎಂಟಕ್ಕೆ ಬರುತ್ತಿದ್ದವಳಿಗೆ ಕಾಯುವುದಕ್ಕೆ ಎರಡು ಗಂಟೆ ಹೆಚ್ಚಿಗೆ ಸಿಕ್ಕಿತು. ಆ ಕಾಯ್ದೆಯ ಕೊನೆಯ ಪುಟದಲ್ಲಿ ಒಂದು ಚಿಕ್ಕ ಕಲಮು ಇದೆಯಲ್ಲ, ಮಂತ್ರಿಗಳ ಆಪ್ತ ಸಿಬ್ಬಂದಿಗೆ ಇದು ಅನ್ವಯಿಸತಕ್ಕದ್ದಲ್ಲ ಎಂದು? ಅದನ್ನು ನೀವು ಹೇಳಿದಿರಿ, ಬರೆದುಕೊಂಡವರು ನನ್ನ ಗಂಡ, ಟೈಪು ಮಾಡಿದವರೂ ಅವರೇ. ಕೈ ನಡುಗಲಿಲ್ಲವೇ ಎಂದು ಕೇಳಿದ್ದಕ್ಕೆ, ವಾಕ್ಯ ಚೆನ್ನಾಗಿತ್ತು ಎಂದರು.

ನಮ್ಮ ಮಗಳು ಚಿಕ್ಕವಳಿದ್ದಾಗ ನಿಮ್ಮನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಟಿವಿಯಲ್ಲಿ ನೀವು ಕಾಣಿಸಿಕೊಂಡ ಕೂಡಲೇ ಅಪ್ಪ ನೆಟ್ಟಗೆ ಕೂರುವುದನ್ನು ನೋಡಿ, ಈ ಮನೆಯಲ್ಲಿ ಅಮ್ಮನಿಗಿಂತ ದೊಡ್ಡವರು ಯಾರೋ ಇರಬೇಕು ಎಂದು ತಾನಾಗಿಯೇ ಲೆಕ್ಕ ಹಾಕಿಕೊಂಡಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಪಕ್ಕದ ಮನೆಯಾಕೆಯಂತೂ ನನ್ನನ್ನು ಕಂಡಾಗಲೆಲ್ಲ ಸವತಿ ಚೆನ್ನಾಗಿದ್ದಾರಾ ಎಂದು ಕೇಳಿ ರೇಗಿಸುತ್ತಿದ್ದಳು. ಹಾಗೆಂದು ಇದು ಅನುಮಾನದ ಮಾತಲ್ಲ, ನೀವು ಗಾಬರಿಯಾಗಬೇಡಿ. ಅನುಮಾನ ಪಡುವ ಸಂಗತಿಯಾಗಿದ್ದರೆ ನನಗೆ ಸುಲಭವಿತ್ತು. ಬೀದಿಗೆ ಬಂದು ಜಗಳವಾಡಬಹುದಿತ್ತು, ನಾಲ್ಕು ಜನ ನನ್ನ ಪರ ಮಾತಾಡುತ್ತಿದ್ದರು. ಕುಡಿಯದ, ಜೂಜಾಡದ, ಎತ್ತಿದ ದನಿಯಲ್ಲಿ ಮಾತಾಡದ, ಕೆಲಸವೆಂದರೆ ಪ್ರಾಣ ಬಿಡುವ ಗಂಡನ ಮೇಲೆ ಯಾರ ಹತ್ತಿರ ದೂರು ಹೇಳಲಿ? ರೇಡಿಯೋದಲ್ಲಿ ನಿಮ್ಮ ದನಿ ಬಂದರೆ ಸಾಕು, ಅವರ ಬಲಗೈಯ ತೋರುಬೆರಳು ತೊಡೆಯ ಮೇಲೆ ತನ್ನಷ್ಟಕ್ಕೆ ಗೀಚತೊಡಗುತ್ತಿತ್ತು. ಒಂದು ದಿನ ನಿಮ್ಮ ಭಾಷಣದ ಎರಡು ವಾಕ್ಯ ಕೇಳಿ, ಮೇಡಂಗೆ ನೆಗಡಿ ಶುರುವಾಗಿದೆ ಎಂದು ಚಿಂತೆಯಿಂದ ಹೇಳಿದರು. ಅದೇ ವಾರ ಗಂಟಲು ಕಟ್ಟಿ ನನಗೆ ಮೂರು ದಿನ ದನಿಯೇ ಹೊರಟಿರಲಿಲ್ಲ. ಅವರಿಗೆ ಗೊತ್ತಾದದ್ದು ಮೂರನೆಯ ದಿನ, ಫೋನಿನಲ್ಲಿ ನಾನು ಉತ್ತರ ಕೊಡದಿದ್ದಾಗ. ನಾನು ಮಾತಾಡುವಾಗ ಅವರ ಬೆರಳು ಅಲ್ಲಾಡುತ್ತದೆಯೇ ಎಂದು ಎಷ್ಟು ವರ್ಷ ಓರೆಗಣ್ಣಿನಿಂದ ನೋಡಿದೆನೋ ಲೆಕ್ಕವಿಲ್ಲ. ಒಂದು ದಿನವೂ ಅಲ್ಲಾಡಲಿಲ್ಲ.

ನೀವು ಕೆಟ್ಟವರಾಗಿದ್ದರೂ ನನಗೆ ಅನುಕೂಲವಾಗುತ್ತಿತ್ತು. ಆದರೆ ನೀವು ಕೆಟ್ಟವರಲ್ಲ. ಮೊದಲ ಸಲ ಮಂತ್ರಿಯಾಗಿದ್ದಾಗ ಒಂದು ಸಂಜೆ ನೀವೇ ನಮ್ಮ ಮನೆಗೆ ಫೋನ್ ಮಾಡಿದಿರಿ. ನಿಮಗೆ ನೆನಪಿರಲಾರದು. ನಿಮ್ಮ ಯಜಮಾನರನ್ನ ಇವತ್ತು ಸ್ವಲ್ಪ ತಡವಾಗಿ ಕಳಿಸ್ತೀನಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ ಎಂದಿರಿ. ದೇಶದ ಮಂತ್ರಿಯೊಬ್ಬರು ಇಷ್ಟು ಮೃದುವಾಗಿ ಕೇಳಿದರೆ ಯಾರು ತಾನೇ ಬೇಜಾರು ಮಾಡಿಕೊಳ್ಳುತ್ತಾರೆ? ಪರವಾಗಿಲ್ಲ ಮೇಡಂ ಎಂದುಬಿಟ್ಟೆ. ಸಾಲದ್ದಕ್ಕೆ ನಕ್ಕೆ ಕೂಡ. ನಾನು ನಿಮ್ಮೊಡನೆ ಆಡಿದ ಮಾತು ಈವರೆಗೆ ಅದೊಂದೇ, ಆ ಎರಡು ಪದ. ನೀವು ಅದನ್ನು ಇಪ್ಪತ್ತಾರು ವರ್ಷದ ಅನುಮತಿ ಪತ್ರವೆಂದು ಇಟ್ಟುಕೊಂಡಿರಿ. ಸಹಿ ಹಾಕುವ ಮುನ್ನ ಎಲ್ಲವನ್ನೂ ಎರಡು ಸಲ ಓದುವ ನೀವು, ನಿಜವಾಗಿ ಪರವಾಗಿಲ್ಲವೇ ಎಂದು ಎರಡನೇ ಸಲ ಕೇಳಬಹುದಿತ್ತು.

ಈಗ ನಿಮ್ಮ ರಾಜೀನಾಮೆಯ ದಿನಕ್ಕೆ ಬರುತ್ತೇನೆ. ಹಿಂದಿನ ದಿನ ರಾಜೀನಾಮೆಯ ಭಾಷಣವನ್ನು ನೀವು ಹೇಳಿ ಬರೆಸಿದ್ದೀರಿ, ನನ್ನ ಗಂಡ ಬರೆದುಕೊಂಡಿದ್ದಾರೆ, ಮನೆಗೆ ಬಂದು ಊಟ ಮಾಡಿದ್ದಾರೆ, ಕೊಡೆಯ ಕಡ್ಡಿ ಮುರಿದದ್ದರ ಬಗ್ಗೆ ಹತ್ತು ನಿಮಿಷ ಮಾತಾಡಿದ್ದಾರೆ, ತುಟಿ ಬಿಚ್ಚಿಲ್ಲ. ಅದು ಅವರ ವೃತ್ತಿಧರ್ಮ, ಇರಲಿ. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಕಣ್ಣು ನೋಡುತ್ತಿದ್ದೆ. ಅವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸಿ, ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಎಂದು ಕೇಳುತ್ತಿದ್ದೆ. ಗೋಡೆಯ ಟಿವಿಯಲ್ಲಿ ನೀವು ಬಂದಿರಿ. ಪಕ್ಷ, ದೇಶ, ಹೊಸ ತಲೆಮಾರು, ಎಲ್ಲ ಬಂದು ಹೋಯಿತು. ಆಮೇಲೆ ಕನ್ನಡಕ ತೆಗೆದು ಕ್ಯಾಮೆರಾವನ್ನು ನೋಡಿ ಹೇಳಿದಿರಿ: "ಮನೆಯವರು ನಮಗಾಗಿ ಕಾಯುತ್ತಿದ್ದಾರೆ ಎಂದು ನಾವು ತಿಳಿದಿರುತ್ತೇವೆ. ಅವರು ಕಾಯುತ್ತಿರುವುದಿಲ್ಲ. ನಾವು ಬರುವುದಿಲ್ಲ ಎಂಬುದನ್ನು ನಿಧಾನವಾಗಿ ಕಲಿಯುತ್ತಿರುತ್ತಾರೆ." ಶಿಕ್ಷಕಿಯ ಕಣ್ಣಲ್ಲಿ ನೀರು. ಹೆಂಗಸಿಗಲ್ಲದೆ ಇನ್ಯಾರಿಗೆ ಇಂಥ ಮಾತು ಹೊಳೆಯುತ್ತದೆ ಎಂದರು. ನಾನು ಅವರ ಚೌಕಟ್ಟಿಗೆ ಹತ್ತಿರದ ಗಾಜಿನ ಬದಲು ದೂರದ ಗಾಜು ಸಿಕ್ಕಿಸಿಬಿಟ್ಟಿದ್ದೆ. ಏನೂ ಕಾಣಿಸ್ತಿಲ್ಲಮ್ಮ ಎಂದು ಅವರು ಎರಡು ಸಲ ಹೇಳಿದ ಮೇಲೆ ಕೇಳಿಸಿತು. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಆದ ಮೊದಲ ತಪ್ಪು ಅದು.

ಯಾಕೆಂದರೆ ಮೇಡಂ, ಆ ಮಾತು ನನ್ನದು. ಹನ್ನೊಂದು ವರ್ಷದ ಹಿಂದೆ, ಒಂದು ಭಾನುವಾರ, ನಮ್ಮ ಅಡುಗೆಮನೆಯಲ್ಲಿ ಆಡಿದ್ದು. ಅಂದು ಮಗಳ ಹುಟ್ಟುಹಬ್ಬ, ಮೂವರೂ ಹೊರಗೆ ಊಟಕ್ಕೆ ಹೋಗುವುದೆಂದಿತ್ತು. ನಿಮ್ಮ ಆರು ಗಂಟೆ ಕಾಯ್ದೆಯ ಕರಡು ತಿದ್ದುವುದಕ್ಕೆ ಕರೆ ಬಂತು, ಒಂದೇ ಗಂಟೆ ಎಂದು ಹೋದವರು ಮಧ್ಯಾಹ್ನ ಕಳೆದು ನಾಲ್ಕಕ್ಕೆ ಬಂದರು. ಮಗಳು ತನ್ನ ಗೆಳತಿಯ ಮನೆಗೆ ಹೋಗಿಬಿಟ್ಟಿದ್ದಳು. ಇವರು ಹಿಂಬಾಗಿಲಿನಿಂದ ಬಂದು, ಲೋಟದಲ್ಲಿ ನೀರು ತೆಗೆದುಕೊಂಡು ಕುಡಿಯುತ್ತ, ಇನ್ನೂ ಕಾಯ್ತಾ ಇದ್ದೀಯಾ ಎಂದರು. ನನಗೆ ಪಿತ್ತ ನೆತ್ತಿಗೇರಿತು. "ನಾನು ನಿಮಗೋಸ್ಕರ ಕಾಯ್ತಾ ಇದೀನಿ ಅಂತ ತಿಳ್ಕೊಂಡಿದೀರಾ? ಕಾಯ್ತಾ ಇಲ್ಲ. ನೀವು ಬರಲ್ಲ ಅನ್ನೋದನ್ನ ನಿಧಾನಕ್ಕೆ ಕಲೀತಾ ಇದೀನಿ" ಎಂದೆ. ಅವರು ಲೋಟ ತೊಳೆದು ಬೋರಲು ಹಾಕಿ, ಬಟ್ಟೆ ಬದಲಿಸಲು ಒಳಗೆ ಹೋದರು. ಗೋಡೆಗೆ ಹೇಳಿದಂತಾಯಿತು ಎಂದುಕೊಂಡೆ. ಆಮೇಲೆ ಹನ್ನೊಂದು ವರ್ಷ ಆ ಮಾತು ನಮ್ಮ ನಡುವೆ ಬರಲಿಲ್ಲ.

ಆ ಸಂಜೆ ಅವರು ಕೆಲಸದಿಂದ ಬಂದಾಗ ನಾನು ಹೊಸಿಲಲ್ಲೇ ನಿಂತು ಕೇಳಿದೆ, ಆ ಮಾತು ಯಾರದ್ದು ಎಂದು. ಚೀಲ ಕೆಳಗಿಟ್ಟರು. ಯಾವ ಮಾತು ಎಂದು ಕೇಳಿ ತಪ್ಪಿಸಿಕೊಳ್ಳಲಿಲ್ಲ, ಅದಕ್ಕೆ ಮೆಚ್ಚಬೇಕು.

"ಮೇಡಂ ಅಲ್ಲಿಗೆ ಬಂದು ನಿಲ್ಲಿಸಿದ್ರು. ಮನೆಯವರ ಬಗ್ಗೆ ಏನಾದ್ರೂ ಒಂದೆರಡು ಸಾಲು ನೀವೇ ಹಾಕಿ ಅಂದ್ರು" ಎಂದರು. "ಮನೆಯವರ ಬಗ್ಗೆ ನಂಗೆ ಗೊತ್ತಿದ್ದಿದ್ದು ಅದೊಂದೇ."

"ಹನ್ನೊಂದು ವರ್ಷ ನೆನಪಿಟ್ಕೊಂಡಿದ್ರಾ?"

"ಹೂಂ."

"ನಂಗೊಂದು ಉತ್ತರ ಕೊಡೋಕೇನಾಗಿತ್ತು?"

"ಉತ್ತರ ಇರಲಿಲ್ಲ" ಎಂದರು.

ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಇದು, ನಿಮಗೆ ಅರ್ಥವಾಗುತ್ತದೆ. ಹೇಳುವವರು ವಾಕ್ಯದ ನಡುವೆ ಕೈಬಿಟ್ಟು ಹೀಗೇ ಏನಾದರೂ ಹಾಕಿ ಎಂದರೆ, ಖಾಲಿ ಜಾಗ ತುಂಬುವುದು ಶೀಘ್ರಲಿಪಿಗಾರನ ಕರ್ತವ್ಯ. ಅದು ಯಾರ ಮನೆಯ ಮಾತು, ಯಾರ ಹೊಟ್ಟೆಯ ಸಂಕಟ ಎಂದು ನೋಡುವುದಿಲ್ಲ. ಇಷ್ಟು ವರ್ಷ ನನ್ನ ಗಂಡ ನನ್ನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಕೊರಗುತ್ತಿದ್ದೆ. ಅವರು ಹಾಕಿಕೊಂಡಿದ್ದರು, ಅಕ್ಷರ ಬಿಡದೆ. ಇಟ್ಟುಕೊಂಡು, ಇಟ್ಟುಕೊಂಡು, ಕೊನೆಗೆ ತೆಗೆದು ನಿಮಗೆ ಕೊಟ್ಟರು. ಕೇಳಿಸಿಕೊಂಡಿಲ್ಲ ಎಂಬ ನೋವನ್ನು ಹೇಗೋ ನುಂಗಿಕೊಂಡಿದ್ದೆ, ಈ ಹೊಸ ನೋವನ್ನು ಏನು ಮಾಡಲಿ? ಈಗ ಆ ಸಾಲು ನಿಮ್ಮ ಸಾಲು. ಪುರವಣಿಯಲ್ಲಿ ಅದನ್ನು ಚೌಕ ಕಟ್ಟಿ ಹಾಕಿದರು. ಹೆಣ್ಣುಮಕ್ಕಳ ಕಾಲೇಜಿನ ಕರಿಹಲಗೆಯ ಮೇಲೆ ಬರೆದಿದ್ದಾರಂತೆ. ನನ್ನ ಅಂಗಡಿಯ ಎದುರಿನ ಬಸ್ ನಿಲ್ದಾಣದ ಗೋಡೆಗೆ ನಿಮ್ಮ ಆಳೆತ್ತರದ ಚಿತ್ರ ಬಂದಿದೆ, ಕೆಳಗೆ ನನ್ನ ಮಾತು, ಅದರ ಕೆಳಗೆ ನಿಮ್ಮ ಸಹಿ. ಬೆಳಿಗ್ಗೆ ಬಾಗಿಲೆತ್ತುವಾಗ ದಿನಾ ಕಾಣುತ್ತದೆ. ಮೊನ್ನೆ ಒಬ್ಬ ಗಿರಾಕಿಗೆ ದೂರದ ಅಕ್ಷರ ಓದಿ ಎಂದರೆ, ಬಾಗಿಲಿನಾಚೆಗೆ ನೋಡಿ ಅದನ್ನೇ ಓದಿದ. ಎಷ್ಟು ಸ್ಪಷ್ಟವಾಗಿ ಓದಿದ ಎಂದರೆ ಕನ್ನಡಕ ಬೇಕಾಗಿಲ್ಲ ಎಂದು ಕಳಿಸಿಬಿಟ್ಟೆ.

ಇದನ್ನೂ ಸಹಿಸಿಕೊಳ್ಳುತ್ತಿದ್ದೆ. ಇನ್ನಾದರೂ ಮನೆಯಲ್ಲಿರುತ್ತಾರಲ್ಲ, ಹೋಗಲಿ, ಒಂದು ಸಾಲು ಕೊಟ್ಟು ಗಂಡನನ್ನು ಪಡೆದೆ ಎಂದುಕೊಳ್ಳೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಒಂಬತ್ತು ದಿನ ಮನೆಯಲ್ಲಿದ್ದರು. ಹತ್ತನೆಯ ದಿನ ನಿಮ್ಮ ಫೋನ್ ಬಂತು. ನೀವು ಆತ್ಮಕಥೆ ಬರೆಯುತ್ತೀರಂತೆ. ಆಧಾರಕ್ಕೆ ಇಪ್ಪತ್ತಾರು ವರ್ಷದ ಶೀಘ್ರಲಿಪಿ ಪುಸ್ತಕಗಳಿವೆ, ಇನ್ನೂರ ಹದಿನಾಲ್ಕು. ಅವನ್ನು ಓದಲು ಬರುವವರು ಜಗತ್ತಿನಲ್ಲಿ ಒಬ್ಬರೇ. ಕಲಿಯುವಾಗ ಎಲ್ಲರಂತೆ ಕಲಿತ ಲಿಪಿಯೇ, ಆದರೆ ನಿಮ್ಮೊಬ್ಬರ ಮಾತಿಗೆ ತಿಕ್ಕಿ ತಿಕ್ಕಿ ಅದು ಸವೆದು ಅವರದೇ ಗುರುತುಗಳಾಗಿಬಿಟ್ಟಿದೆ. ನೀವು ನಕ್ಕರೆ ಒಂದು ಗೀಟು, ಮನಸ್ಸಿಲ್ಲದೆ ಒಬ್ಬರನ್ನು ಹೊಗಳಿದರೆ ಪಕ್ಕದಲ್ಲಿ ಒಂದು ಚುಕ್ಕೆ. ಹೊಸ ಶೀಘ್ರಲಿಪಿಗಾರ್ತಿಯೊಬ್ಬಳು ಮೂರು ದಿನ ಒದ್ದಾಡಿ ಕೈಚೆಲ್ಲಿದಳಂತೆ. ಅದಕ್ಕೆ ಒಂದೆರಡು ತಿಂಗಳು ಬಂದು ಓದಿ ಹೇಳಿ ಎಂದಿರಿ. ಇವರು ಅಂಗಿ ಹಾಕಿಕೊಂಡು ಹೊರಟರು. ಒಂದು ಪುಸ್ತಕಕ್ಕೆ ಮೂರು ದಿನ ಹಿಡಿಯುತ್ತದೆ, ಯಾಕೆಂದರೆ ಅವರು ಓದುತ್ತಿದ್ದಂತೆ ನಿಮಗೆ ಹಳೆಯದೆಲ್ಲ ನೆನಪಾಗುತ್ತದೆ, ನೀವು ಕಥೆ ಹೇಳುತ್ತೀರಿ, ಅದನ್ನೂ ಅವರು ಬರೆದುಕೊಳ್ಳುತ್ತಾರೆ. ಒಂದು ಮುಗಿಯುವಷ್ಟರಲ್ಲಿ ಅರ್ಧ ಹೊಸದು ಹುಟ್ಟುತ್ತದೆ. ಹಳೆಯವನ್ನಷ್ಟೇ ಹಿಡಿದರೂ ವಾರಕ್ಕೆ ಐದು ದಿನದಂತೆ ಎರಡೂವರೆ ವರ್ಷ ಬೇಕು.

ನಾನು ಈ ಪತ್ರ ಬರೆಯುತ್ತಿರುವುದು ಆ ಎರಡೂವರೆ ವರ್ಷಕ್ಕಾಗಿ. ಇಲ್ಲಿಂದ ವ್ಯಂಗ್ಯ ಬಿಟ್ಟು ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ನನ್ನ ಗಂಡನ ಕಣ್ಣು ಹೋಗುತ್ತಿದೆ. ಅವರು ನಿಮಗೆ ಹೇಳಿಲ್ಲ. ಹೇಳಿದರೆ ನೀವು ಬೇಡ ಎನ್ನುತ್ತೀರಿ ಎಂಬ ಭಯ. ಮೊದಲು ಗೊತ್ತಾದದ್ದು ನನಗೇ. ಎಡಗಡೆ ಇಟ್ಟ ಟೀ ಲೋಟಕ್ಕೆ ಕೈ ತಗುಲಿಸಿ ಚೆಲ್ಲುವುದು, ಬಾಗಿಲಿನ ಎಡಚೌಕಟ್ಟಿಗೆ ಭುಜ ತಾಗಿಸಿಕೊಂಡು ಬಾಗಿಲನ್ನೇ ಬೈಯುವುದು. ಅಂಗಡಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದೆ, ಅಂದೇ ಕಣ್ಣಾಸ್ಪತ್ರೆಗೆ ಚೀಟಿ ಬರೆದೆ. ಕಣ್ಣಾಸ್ಪತ್ರೆಯ ದೊಡ್ಡ ಡಾಕ್ಟರು ಎರಡು ಗಂಟೆ ನೋಡಿ, ಒಳಗಿನ ನರ ಒಣಗುತ್ತಿದೆ, ನೋಟ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ, ಹೋದದ್ದು ವಾಪಸು ಬರುವುದಿಲ್ಲ ಎಂದರು. ಹನಿ ಬಿಟ್ಟುಕೊಂಡು ಎಚ್ಚರವಾಗಿದ್ದರೆ ಎರಡು ವರ್ಷ, ಅದೃಷ್ಟವಿದ್ದರೆ ಇನ್ನೊಂದು. ನೀವು ಫೋನ್ ಮಾಡಿದ್ದು ಅದಾಗಿ ಎರಡು ದಿನಕ್ಕೆ. ಅವರು ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ಓದುವುದನ್ನು ನೀವು ಗಮನಿಸಿರಬಹುದು, ಶಿಸ್ತು ಎಂದುಕೊಂಡಿರಬಹುದು. ಅಡಿಪಟ್ಟಿ ಇಲ್ಲದಿದ್ದರೆ ಸಾಲು ಎಲ್ಲಿ ಶುರುವಾಗುತ್ತದೆ ಎಂದು ಅವರಿಗೆ ಸಿಗುವುದಿಲ್ಲ.

ಓದಿದರೆ ಕಣ್ಣು ಸವೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಸುಳ್ಳೆಂದು ದಿನಾ ಹತ್ತು ಗಿರಾಕಿಗಳಿಗೆ ನಾನೇ ತಿಳಿಹೇಳುತ್ತೇನೆ. ಸವೆಯುವುದು ದಿನಗಳು. ಉಳಿದಿರುವ ಬೆಳಕು ಇಷ್ಟೇ, ಅದನ್ನು ನಿಮ್ಮ ಹಳೆಯ ಭಾಷಣಗಳಿಗೆ ಖರ್ಚು ಮಾಡಬೇಕೇ? ನಿಮ್ಮನ್ನು ನೋಡಿದವರು ದೇಶದ ತುಂಬ ಇದ್ದಾರೆ. ನಿಮ್ಮ ಚಿತ್ರಗಳಿವೆ, ಪುತ್ಥಳಿಯೂ ಬರಲಿದೆಯಂತೆ. ನನ್ನ ಮುಖವನ್ನು ಸರಿಯಾಗಿ ನೋಡಬೇಕಾದವರು ಒಬ್ಬರೇ, ಅವರು ಇನ್ನೂ ನೋಡಿ ಮುಗಿಸಿಲ್ಲ. ಐವತ್ತೆಂಟಾಯಿತು ನನಗೆ, ರೂಪವತಿ ಏನಲ್ಲ, ಮೊದಲೂ ಆಗಿರಲಿಲ್ಲ. ಆದರೂ ನನಗೆ ಆಸೆಯಿದೆ, ನಾಚಿಕೆ ಬಿಟ್ಟು ಬರೆಯುತ್ತೇನೆ. ಕಣ್ಣು ಪರೀಕ್ಷೆಗೆ ಕೂರಿಸಿ ದೀಪ ಹಿಡಿದು ಒಂದು ಗೇಣು ದೂರದಿಂದ ನೋಡಿದೆನಲ್ಲ, ಅಂದು ಅವರು ಕೂಡ ನನ್ನನ್ನೇ ನೋಡುತ್ತಿದ್ದರು. ನಿನ್ನ ಹುಬ್ಬಿನ ಹತ್ತಿರ ಒಂದು ಗಾಯದ ಗುರುತಿದೆಯಲ್ಲ, ಯಾವಾಗ ಆಗಿದ್ದು ಎಂದು ಕೇಳಿದರು. ಮದುವೆಗೆ ಮೊದಲೇ ಆದದ್ದು ಮೇಡಂ. ಇಪ್ಪತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದ ಮೇಲೆ ಕೇಳಿದರು. ಹೀಗೆ ಅವರು ನೋಡಬೇಕಾದದ್ದು ಇನ್ನೂ ಎಷ್ಟೋ ಇದೆ, ನನ್ನಲ್ಲೂ, ಮಗಳಲ್ಲೂ, ಮನೆಯ ಮುಂದಿನ ಬೀದಿಯಲ್ಲೂ. ಅದನ್ನು ನಾನು ನಿಮಗೆ ಬಿಟ್ಟುಕೊಡುವುದಿಲ್ಲ.

ನನ್ನ ಬೇಡಿಕೆ ಇದು. ಆ ಪುಸ್ತಕಗಳನ್ನು ಮುಚ್ಚಿ. ನೆನಪಿದ್ದಷ್ಟನ್ನು ಬರೆಯಿರಿ, ಉಳಿದದ್ದು ಮರೆತುಹೋಯಿತು ಎನ್ನಿ, ದೇಶ ಮುಳುಗುವುದಿಲ್ಲ. ನನ್ನ ಗಂಡ ಆದೇಶವಿಲ್ಲದೆ ಜಾಗ ಬಿಟ್ಟು ಏಳುವ ಜಾತಿಯವರಲ್ಲ. ನಿಮ್ಮ ಈ ಹೊಸ ಕೆಲಸಕ್ಕೆ ನೇಮಕದ ಆದೇಶವೇ ಇಲ್ಲವಾದ್ದರಿಂದ ಬಿಡುಗಡೆಯ ಆದೇಶ ಕೊಡುವ ಕಚೇರಿಯೂ ಇಲ್ಲ. ಕೇಳಲು ನಿಮ್ಮ ಹೊರತು ಬೇರೆ ಪ್ರಾಧಿಕಾರ ನನಗೆ ಸಿಗಲಿಲ್ಲ. ಒಂದು ಹಾಳೆ ತೆಗೆದುಕೊಂಡು, ನಾಳೆಯಿಂದ ಬರಬೇಕಾಗಿಲ್ಲ ಎಂದು ಒಂದು ಸಾಲು, ಕೆಳಗೆ ದಿನಾಂಕ, ಸಹಿ. ನಿಮ್ಮ ಕೈಯಾರೆ ಬರೆಯಿರಿ. ಹೇಳಿ ಬರೆಸಬೇಡಿ. ಹೇಳಿ ಬರೆಸಿದರೆ ಬರೆದುಕೊಳ್ಳುವವರು ಅವರೇ ಆಗುತ್ತಾರೆ, ಭಾಷೆ ತಿದ್ದುತ್ತಾರೆ, ಇನ್ನೊಂದು ತಿಂಗಳು ಎಂದು ಎಲ್ಲಾದರೂ ಸೇರಿಸಿಬಿಡುತ್ತಾರೆ.

ಇದನ್ನೆಲ್ಲ ನಿಮ್ಮ ಮನೆಗೆ ಬಂದು ಹೇಳದೆ ಪತ್ರಿಕೆಗೆ ಯಾಕೆ ಕಳಿಸಿದೆ ಎಂದು ಕೇಳಬಹುದು. ಮನೆಗೆ ಬಂದರೆ ನೀವು ಕೂರಿಸಿ ಮೃದುವಾಗಿ ಮಾತಾಡಿಸುತ್ತೀರಿ, ನಾನು ಪರವಾಗಿಲ್ಲ ಎಂದು ಎದ್ದು ಬರುತ್ತೇನೆ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಅಂಚೆಯಲ್ಲಿ ಕಳಿಸಿದರೆ ಲಕೋಟೆ ಒಡೆಯುವವರು ಅವರು. ಪತ್ರಿಕೆಯಾದರೆ ಹಾಗಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ನೀವು ಮೊಣಕಾಲಿನ ವ್ಯಾಯಾಮ ಮಾಡುವಾಗ ಪಕ್ಕದಲ್ಲಿ ಕೂತು ಪತ್ರಿಕೆಗಳನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಗಂಡ, ಓದುಗರ ಪತ್ರಗಳ ಪುಟವನ್ನೂ ಸೇರಿಸಿ. ಎಂದ ಮೇಲೆ ಈ ಪತ್ರವನ್ನು ಮೊದಲ ಸಾಲಿನಿಂದ ನಿಮಗೆ ಓದುತ್ತಿರುವ ದನಿ ಅವರದೇ. ಕಣ್ಣಿನ ವಿಷಯ ಬಂದಾಗ ಸ್ವಲ್ಪ ತಡವರಿಸಿರಬೇಕು. ಆದರೆ ಬಿಟ್ಟು ಓದಿರಲಾರರು. ಖಾಲಿ ಜಾಗ ತುಂಬುವುದು ಅವರಿಗೆ ಗೊತ್ತು, ಇದ್ದದ್ದನ್ನು ಹಾರಿಸುವುದು ಜನ್ಮದಲ್ಲಿ ಗೊತ್ತಿಲ್ಲ. ಅದನ್ನು ನಂಬಿಯೇ ಬರೆದೆ. ಮೇಡಂ, ಈಗ ಒಂದು ನಿಮಿಷ ನಿಮ್ಮನ್ನು ಬಿಟ್ಟು ಅವರೊಡನೆ ಮಾತಾಡುತ್ತೇನೆ, ತಪ್ಪು ತಿಳಿಯಬೇಡಿ.

ರೀ, ಇಲ್ಲಿಗೆ ಸಾಕು. ನೀವು ಹೇಳಬೇಡ ಅಂದಿದ್ದನ್ನ ನಿಮ್ಮ ಬಾಯಿಂದಲೇ ಹೇಳಿಸಿದೀನಿ, ಸಿಟ್ಟು ಬಂದಿರುತ್ತೆ, ಬರಲಿ. ಮನೆಗೆ ಬಂದು ಬೈಯಿರಿ. ಇವತ್ತು ಅಂಗಡಿ ತೆಗೆದಿಲ್ಲ. ಪೇಪರ್ ಮೇಡಂ ಕೈಗೆ ಕೊಟ್ಟು ಏಳಿ.

ಮೇಡಂ, ಪತ್ರಿಕೆ ಈಗ ನಿಮ್ಮ ಕೈಗೆ ಬಂದಿರಬೇಕು. ಉಳಿದದ್ದನ್ನು ನೀವೇ ಓದಿಕೊಳ್ಳಿ, ಹೆಚ್ಚೇನಿಲ್ಲ. ಅವರನ್ನು ಗೇಟಿನವರೆಗೆ ಕೈಹಿಡಿದು ಬಿಟ್ಟು ಬನ್ನಿ. ನಿಮ್ಮ ಬಾಗಿಲಿನ ಎಡಗಡೆಯ ಮೆಟ್ಟಿಲು ಅವರಿಗೆ ಕಾಣುವುದಿಲ್ಲ.

ಇಂತಿ,
ಇಷ್ಟು ಹೊತ್ತು ಇದನ್ನು ನಿಮಗೆ ಓದಿದವರ ಹೆಂಡತಿ